ಕೊಡಲು ಹೊರಟ ಮಗುವನ್ನು ತಡೆಯಬೇಡಿ

ಡಿಸೆಂಬರ್ ಬಂತೆಂದರೆ ನಮ್ಮ ದೇವಾಲಯದ ಬಾಗಿಲ ಪಕ್ಕ ಒಂದು ದೊಡ್ಡ ರಟ್ಟಿನ ಪೆಟ್ಟಿಗೆ ಇಡುತ್ತಾರೆ. ಮಕ್ಕಳು ತಂದ ಉಡುಗೊರೆಗಳನ್ನು ಅದರಲ್ಲಿ ಹಾಕುತ್ತಾರೆ. ಕ್ರಿಸ್‌ಮಸ್ಸಿಗೆ ಎರಡು ದಿನ ಮುಂಚೆ ಅವು ಹತ್ತಿರದ ಮಕ್ಕಳ ಆಶ್ರಮಕ್ಕೆ ಹೋಗುತ್ತವೆ. ಹಿಂದಿನ ದಿನ ಸಂಜೆ, ಧರ್ಮೋಪದೇಶದ ತರಗತಿ ನಡೆಸುವ ನಾವು ನಾಲ್ಕೈದು ಹೆಂಗಸರು ಹಾಲಿನಲ್ಲಿ ಜಮಖಾನ ಹಾಸಿ ಕೂತು ಎಲ್ಲವನ್ನೂ ಬಿಚ್ಚಿ ವಿಂಗಡಿಸುತ್ತೇವೆ.

ಹೋದ ವರ್ಷ ಏನೇನು ಸಿಕ್ಕಿತೆಂದು ಹೇಳುತ್ತೇನೆ. ಗುಂಡಿ ಕಿತ್ತುಹೋದ ಅಂಗಿಗಳು. ಕಾಲರಿನ ಕೊಳೆ ಹೋಗದ ಯೂನಿಫಾರ್ಮ್, ಜೇಬಿನ ಮೇಲೆ ಶಾಲೆಯ ಹೆಸರಿನ ಸಮೇತ. ದಾಳವಿಲ್ಲದ ಹಾವು-ಏಣಿ ಆಟ. ಬ್ಯಾಟರಿ ಹಾಕುವ ಜಾಗದಲ್ಲಿ ತುಕ್ಕು ಹಿಡಿದ ಕಾರು. ಎಡಗಾಲಿನದು ಮಾತ್ರ ಇದ್ದ ಒಂದು ಷೂ. ಎಲ್ಲಕ್ಕೂ ಬಣ್ಣದ ಕಾಗದ ಸುತ್ತಿ, ರಿಬ್ಬನ್ ಕಟ್ಟಿ, ‘ಪ್ರೀತಿಯಿಂದ’ ಎಂದು ಮಗುವಿನ ಕೈಯಲ್ಲೇ ಬರೆಸಿದ್ದರು.

ಇದೇ ಮನೆಗಳಲ್ಲಿ ಅದೇ ವಾರ ಕರ್ಜಿಕಾಯಿ, ಕಲ್‌ಕಲ್, ರೋಸ್ ಕುಕ್ಕಿ ಕರಿಯುತ್ತಾರೆ. ಮಂಗಳೂರಿನವರು ಕುಸ್ವಾರ್ ಎನ್ನುವ ತಿಂಡಿಗಳು. ಅಕ್ಕಪಕ್ಕದ ಮನೆಗಳಿಗೆ ಕಳಿಸುವ ತಟ್ಟೆಗೆ ಯಾವ ತಾಯಿಯೂ ಒಡೆದ ಕರ್ಜಿಕಾಯಿ ಇಡುವುದಿಲ್ಲ. ಚೆನ್ನಾಗಿ ಬಂದದ್ದನ್ನು ಆರಿಸಿ ಜೋಡಿಸುತ್ತಾಳೆ, ಒಡೆದದ್ದು, ಸೀದದ್ದು ಮನೆಯವರಿಗೆ. ಎದುರು ಮನೆಯವರಿಗೆ ಕೊಡುವಾಗ ನಮಗೆ ಇಷ್ಟು ಚೆನ್ನಾಗಿ ಗೊತ್ತಿರುವ ಮರ್ಯಾದೆ ಆಶ್ರಮದ ಪೆಟ್ಟಿಗೆಯ ಮುಂದೆ ಏಕೆ ಮರೆತುಹೋಗುತ್ತದೆ? ಮಕ್ಕಳು ಎರಡನ್ನೂ ನೋಡುತ್ತಿರುತ್ತಾರೆ. ನಮ್ಮ ಸಮಾನರಿಗೆ ಒಳ್ಳೆಯದು, ಇಲ್ಲದವರಿಗೆ ನಮಗೆ ಬೇಡವಾದದ್ದು ಎಂಬ ಪಾಠ ಯಾರೂ ಬಾಯಿಬಿಟ್ಟು ಹೇಳದೆಯೇ ಅವರಿಗೆ ಬಂದುಬಿಡುತ್ತದೆ.

ಬೇರೆಯವರನ್ನು ದೂರಲು ನಾನು ಇದನ್ನು ಬರೆಯುತ್ತಿಲ್ಲ. ನನ್ನ ಮಗಳಿಗೆ ಎಂಟು ವರ್ಷವಿದ್ದಾಗ ಆ ಪೆಟ್ಟಿಗೆಗೆ ಹಾಕಲೆಂದು ಅವಳೊಂದು ತಗಡಿನ ಡಬ್ಬಿ ತೆಗೆದಿಟ್ಟಿದ್ದಳು. ಹುಟ್ಟುಹಬ್ಬಕ್ಕೆ ಸೋದರಮಾವ ಕೊಟ್ಟಿದ್ದ 24 ಬಣ್ಣದ ಪೆನ್ಸಿಲ್‌ಗಳು. ರಾತ್ರಿ ಕೂತು ಒಂದೊಂದನ್ನೂ ಚೂಪು ಮಾಡಿ, ಗಾಢ ಬಣ್ಣದಿಂದ ತಿಳಿ ಬಣ್ಣಕ್ಕೆ ಸಾಲಾಗಿ ಜೋಡಿಸಿದ್ದಳು. ‘ಇದು ಬೇಡ ಕಂದ, ಮಾವ ಬೇಜಾರು ಮಾಡ್ಕೋತಾರೆ, ಅಂಗಡಿಯಿಂದ ಬೇರೆ ತಂದ್ಕೊಡ್ತೀನಿ’ ಎಂದು ಅದನ್ನು ಬೀರುವಿನಲ್ಲಿಟ್ಟು, ಮೂಲೆಯಂಗಡಿಯಿಂದ ಒಂದು ಅಗ್ಗದ ಕ್ರೇಯಾನ್ ಪೊಟ್ಟಣ ತಂದುಕೊಟ್ಟೆ. ಅವಳು ಸುಮ್ಮನೆ ತೆಗೆದುಕೊಂಡು ಪೆಟ್ಟಿಗೆಗೆ ಹಾಕಿ ಬಂದಳು. ಮರುವರ್ಷ ಅವಳೇ ಕೇಳಿದಳು: ‘ಅಮ್ಮಾ, ಈ ಸಲ ಪೆಟ್ಟಿಗೆಗೆ ನೀನು ಏನು ತಂದಿದ್ದೀಯ?’

ಕೊಡುವುದು ಅಮ್ಮನ ಕೆಲಸವಾಗಿಬಿಟ್ಟಿತ್ತು. ಮಾಡಿದ್ದು ನಾನೇ.

ಮಾರ್ಕನ ಶುಭಸಂದೇಶದ 12ನೇ ಅಧ್ಯಾಯದಲ್ಲಿ ಬರುವ ಬಡ ವಿಧವೆಯ ಪ್ರಸಂಗವನ್ನು ನಾನು ಎಷ್ಟೋ ಭಾನುವಾರ ಮಕ್ಕಳಿಗೆ ಹೇಳಿದ್ದೇನೆ. ಜೆರುಸಲೇಮಿನ ದೇವಾಲಯದ ಕಾಣಿಕೆ ಪೆಟ್ಟಿಗೆಗೆ ಸಿರಿವಂತರು ಬಹಳ ಹಣ ಹಾಕುತ್ತಾರೆ, ಆಕೆ ಹಾಕುವುದು ಎರಡು ಕಾಸು. ಎಲ್ಲರಿಗಿಂತ ಹೆಚ್ಚು ಕೊಟ್ಟವಳು ಅವಳೇ ಎಂದು ಯೇಸು ಶಿಷ್ಯರನ್ನು ಕರೆದು ಹೇಳುತ್ತಾರೆ, ಏಕೆಂದರೆ ಉಳಿದವರು ಕೊಟ್ಟದ್ದು ಹೆಚ್ಚಾಗಿದ್ದುದರಲ್ಲಿ, ಅವಳು ಕೊಟ್ಟದ್ದು ತನ್ನ ಜೀವನಕ್ಕೆ ಇದ್ದದ್ದನ್ನೇ. ಕೊಟ್ಟ ಮೇಲೆ ನಮ್ಮ ಬಳಿ ಏನು ಉಳಿಯಿತು ಎಂಬುದೇ ಅಲ್ಲಿ ಲೆಕ್ಕ. ಆ ಕತೆಯನ್ನು ಬಾಯಿಪಾಠ ಮಾಡಿಸಿ ಪರೀಕ್ಷೆಯಲ್ಲಿ ಅಂಕವನ್ನೂ ಕೊಟ್ಟವಳು ನಾನು. ಮನೆಯಲ್ಲಿ ಮಗಳು ಅದನ್ನೇ ಮಾಡಹೊರಟಾಗ ಕೈ ಹಿಡಿದು ತಡೆದೆ.

ನಮ್ಮ ಮಕ್ಕಳು ಅಂಗಡಿ ಮುಂಗಟ್ಟುಗಳಲ್ಲಿ ನೋಡುವ ಕ್ರಿಸ್‌ಮಸ್ ತಾತನ ಹಿಂದೆಯೂ ನಿಜವಾದ ಮನುಷ್ಯರೊಬ್ಬರಿದ್ದಾರೆ: 4ನೇ ಶತಮಾನದ ಸಂತ ನಿಕೋಲಸ್, ಇಂದಿನ ಟರ್ಕಿಯಲ್ಲಿರುವ ಮೈರಾದ ಧರ್ಮಾಧ್ಯಕ್ಷರು. ವರದಕ್ಷಿಣೆಗೆ ಹಣವಿಲ್ಲದೆ ಬೀದಿಗೆ ಬೀಳಲಿದ್ದ ಮೂವರು ಹೆಣ್ಣುಮಕ್ಕಳ ಮನೆಯ ಕಿಟಕಿಯಿಂದ, ರಾತ್ರಿ ಹೊತ್ತು ಯಾರಿಗೂ ಕಾಣದಂತೆ ಹೊನ್ನಿನ ಗಂಟು ಎಸೆದು ಹೋದರೆಂದು ಅವರ ಬಗ್ಗೆ ಐತಿಹ್ಯ. ಹೆತ್ತವರಿಂದ ಬಂದ ಆಸ್ತಿಯನ್ನು ಅವರು ಹೀಗೆ ಕರಗಿಸಿದರಂತೆ. ಡಿಸೆಂಬರ್ 6 ಅವರ ಹಬ್ಬ. ಅಂದು ಮಕ್ಕಳಿಗೆ ಈ ಕತೆ ಹೇಳಿ. ವಿಶೇಷವಾಗಿ ಆ ಕತ್ತಲೆಯ ಭಾಗವನ್ನು, ಕೊಟ್ಟವರ ಮುಖ ಪಡೆದವರಿಗೆ ಕಾಣದಂತೆ ನೋಡಿಕೊಂಡದ್ದನ್ನು.

ಇದನ್ನು ಏಕೆ ಒತ್ತಿ ಹೇಳುತ್ತೇನೆಂದರೆ, ಆಶ್ರಮಕ್ಕೆ ಹೋದಾಗ ನಮ್ಮ ಕಡೆಯವರು ಮೊದಲು ತೆಗೆಯುವುದು ಮೊಬೈಲ್. ಕೇಕಿನ ತುಂಡು ಹಿಡಿದ ಆ ಮಕ್ಕಳನ್ನು ಸಾಲಾಗಿ ನಿಲ್ಲಿಸಿ, ನಮ್ಮ ಮಕ್ಕಳನ್ನು ಮುಂದೆ ಬಿಟ್ಟು ಫೋಟೊ ತೆಗೆದು ಊರಿಗೆಲ್ಲ ಹಂಚುತ್ತಾರೆ. ಪಾಲನೆ-ರಕ್ಷಣೆಯ ಅಗತ್ಯವಿರುವ ಮಕ್ಕಳ ಗುರುತು ಮಾಧ್ಯಮಗಳಲ್ಲಿ ಬಯಲಾಗಬಾರದೆಂದು 2015ರ ಬಾಲನ್ಯಾಯ ಕಾಯ್ದೆಯ 74ನೇ ಕಲಂ ಹೇಳುತ್ತದೆ. ಕಾನೂನು ಹಾಗಿರಲಿ, ನಮ್ಮ ಮಗು ಯಾರಿಂದಾದರೂ ಹಳೆಯ ಅಂಗಿ ಪಡೆಯುವ ಚಿತ್ರ ನೂರು ಮನೆಗೆ ಹೋದರೆ ನಾವು ಸಹಿಸುತ್ತೇವೆಯೇ? ದಯವಿಟ್ಟು ಮೊಬೈಲನ್ನು ಚೀಲದಲ್ಲೇ ಇಡಿ. ಹೋಗುವ ಮೊದಲು ಅಲ್ಲಿನ ಸಿಸ್ಟರನ್ನೋ ವಾರ್ಡನ್ನನ್ನೋ ಏನು ಬೇಕೆಂದು ಕೇಳಿ. ಎಲ್ಲರೂ ಕೇಕ್ ಒಯ್ದು, ಮಕ್ಕಳಿಗೆ ಸ್ವೆಟರ್ ಬೇಕೆಂದು ಯಾರಿಗೂ ಗೊತ್ತಿಲ್ಲದ ಡಿಸೆಂಬರ್ ಚಳಿಯನ್ನು ನಾನು ನೋಡಿದ್ದೇನೆ.

ಹಾಗಾದರೆ ಮಗು ಏನು ಕೊಡಬೇಕು? ತನ್ನದು ಎಂದು ಅದು ಭಾವಿಸುವ ಯಾವುದನ್ನಾದರೂ. ಮಣ್ಣಿನ ಹುಂಡಿಯಲ್ಲಿ ಕೂಡಿಟ್ಟ ದುಡ್ಡಿನ ಒಂದು ಪಾಲು. ಇನ್ನೂ ಚೆನ್ನಾಗಿರುವ, ಇನ್ನೂ ಆಡಬೇಕೆನಿಸುವ ಆಟಿಕೆ. ಹಬ್ಬಕ್ಕೆ ಎರಡು ಜೊತೆ ಬಟ್ಟೆ ಹೊಲಿಸುವುದಿದ್ದರೆ ಅದರಲ್ಲಿ ಒಂದು. ಏನೂ ಇಲ್ಲದ ಮನೆಯ ಮಗುವಿಗೂ ಹೊತ್ತು ಇದೆ. ಕಣ್ಣು ಮಂಜಾದ ಪಕ್ಕದ ಮನೆಯ ಅಜ್ಜಿಗೆ ಆಟದ ಸಮಯ ಬಿಟ್ಟು ಅರ್ಧ ಗಂಟೆ ಪತ್ರಿಕೆ ಓದಿ ಹೇಳಬಹುದು. ಆದರೆ ಬಲವಂತ ಕೂಡದು. ಕಿತ್ತುಕೊಂಡು ಕೊಡಿಸಿದ್ದನ್ನು ಮಗು ಕಳವಾದಂತೆ ನೆನಪಿಟ್ಟುಕೊಳ್ಳುತ್ತದೆ. ‘ಇಲ್ಲ’ ಎಂದರೆ ಬಿಡಿ, ಮುಂದಿನ ವರ್ಷ ನೋಡೋಣ. ಕೊಟ್ಟು ಬಂದು ರಾತ್ರಿ ಅತ್ತರೆ ಎದೆಗವಚಿಕೊಳ್ಳಿ, ಆದರೆ ಮರುದಿನವೇ ಅಂಥದ್ದೇ ಹೊಸದನ್ನು ತಂದುಕೊಡಬೇಡಿ. ಆ ಕೊರತೆಯನ್ನು ಅದು ಸ್ವಲ್ಪ ದಿನ ತಾಳಲಿ. ತ್ಯಾಗ ಎಂಬ ಮಾತಿಗೆ ಮಗುವಿಗೆ ತಿಳಿಯುವ ಅರ್ಥ ಇರುವುದು ಅಲ್ಲೇ.

ನಾವು ಬಿಟ್ಟುಕೊಡುವುದನ್ನು ಮಕ್ಕಳು ನೋಡದಿದ್ದರೆ ಇದೆಲ್ಲ ಬರೀ ಮಾತು. ಮಿಜೋರಾಮಿನ ಕ್ರೈಸ್ತ ಹೆಣ್ಣುಮಕ್ಕಳು ನೂರು ವರ್ಷಕ್ಕೂ ಹಿಂದಿನಿಂದ ಅಡುಗೆಗೆ ಅಕ್ಕಿ ಅಳೆದಾಗಲೆಲ್ಲ ಒಂದು ಹಿಡಿ ತೆಗೆದು ಸಭೆಗೆಂದು ಬೇರೆ ಎತ್ತಿಡುತ್ತಾರೆ. ‘ಬುಹ್‌ಫಾಯ್ ಥಾಮ್’ ಎಂದು ಅದರ ಹೆಸರು. ಅಲ್ಲಿನ ಮಗು ದಿನವೂ ತಾಯಿಯ ಕೈಯನ್ನು ನೋಡಿಯೇ ಕಲಿಯುತ್ತದೆ. ನಮ್ಮಲ್ಲೂ ವಾರಾನ್ನವಿತ್ತು, ತಮಗೇ ಸಾಲದ ಮನೆಗಳಲ್ಲೂ ಪರವೂರಿನಿಂದ ಓದಲು ಬಂದ ಹುಡುಗನಿಗೆ ವಾರಕ್ಕೊಂದು ದಿನ ಎಲೆ ಹಾಕುತ್ತಿದ್ದರು. ಆ ಮನೆಯ ಮಕ್ಕಳು ತಮ್ಮ ಪಾಲಿನ ಅನ್ನ ಇನ್ನೊಂದು ಎಲೆಗೆ ಹೋಗುವುದನ್ನು ನೋಡುತ್ತಲೇ ಬೆಳೆದರು.

ಬಿಟ್ಟುಕೊಡುವುದನ್ನು ಮಕ್ಕಳಿಗೆ ಕಲಿಸಲು ಕ್ರಿಸ್‌ಮಸ್ಸಿನ ಗೋದಲಿಯೂ ಇದೆ. ಗೋದಲಿ ಎಂದರೆ ದನ ಮೇವು ತಿನ್ನುವ ತೊಟ್ಟಿ. 1223ರಲ್ಲಿ ಇಟಲಿಯ ಗ್ರೆಚ್ಚೊ ಊರಿನಲ್ಲಿ ಸಂತ ಫ್ರಾನ್ಸಿಸರು ಏರ್ಪಡಿಸಿದ ಗೋದಲಿಯಲ್ಲಿ ಇದ್ದದ್ದು ಹುಲ್ಲು, ಒಂದು ಎತ್ತು, ಒಂದು ಕತ್ತೆ. ಬಾಲಯೇಸು ಎಂಥ ಕೊರತೆಯಲ್ಲಿ ಹುಟ್ಟಿದರೆಂದು ಜನ ಕಣ್ಣಾರೆ ನೋಡಲಿ ಎಂಬುದು ಅವರ ಆಸೆ. ಇಂದು ಶಿವಾಜಿನಗರದ ಅಂಗಡಿಗಳಲ್ಲಿ ಬೊಂಬೆಗಳು, ಮಿಣುಕು ದೀಪಗಳು ಸಿಗುತ್ತವೆ, ತರೋಣ, ತಪ್ಪಿಲ್ಲ. ಆದರೆ ಖಾಲಿ ಗೋದಲಿಯ ಪಕ್ಕ ಒಂದಿಷ್ಟು ಒಣಹುಲ್ಲೂ ಇರಲಿ. ಕ್ರಿಸ್‌ಮಸ್ಸಿಗೆ ಮುಂಚಿನ ಆಗಮನಕಾಲದ ನಾಲ್ಕು ವಾರ, ಯಾರಿಗೂ ಹೇಳದೆ ಏನನ್ನಾದರೂ ಬಿಟ್ಟುಕೊಟ್ಟ ದಿನ ಮಗು ಒಂದು ಎಳೆಯನ್ನು ಗೋದಲಿಗೆ ಹಾಕಲಿ. ಎಷ್ಟಾಯಿತೆಂದು ನೀವು ಎಣಿಸಬೇಡಿ, ಏಕೆಂದೂ ಕೇಳಬೇಡಿ.

ಕ್ರಿಸ್‌ಮಸ್ಸಿಗೆ ಹತ್ತು ದಿನವಿದೆ ಎನ್ನುವಾಗ ಅನೇಕ ಮನೆಗಳಲ್ಲಿ ಮಕ್ಕಳು ರಾಗಿ ನೆನೆಸಿ, ತಟ್ಟೆಯ ಮಣ್ಣಿನ ಮೇಲೆ ಚೆಲ್ಲಿ, ಗೋದಲಿಗೆ ಪೈರು ಬೆಳೆಸುತ್ತಾರೆ. ನನ್ನದೊಂದು ಬಿನ್ನಹ. ರಾಗಿ ನೆನೆಹಾಕಿದ ದಿನವೇ ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡು, ‘ಈ ಸಲ ನೀನು ಏನು ಕೊಡ್ತೀಯ?’ ಎಂದು ಕೇಳಿ. ಯೋಚಿಸಲು ಅದಕ್ಕೆ ಕೆಲವು ದಿನ ಬಿಡಿ. ಕೊನೆಗೆ ಅದು ಎತ್ತಿಕೊಂಡು ಬಂದ ವಸ್ತು ನಿಮಗೆ ಎಷ್ಟೇ ಬೆಲೆಯದೆನಿಸಿದರೂ, ಯಾರೇ ಕೊಟ್ಟದ್ದಾಗಿದ್ದರೂ, ಬದಲಿಸಬೇಡಿ. ಹಾಗೆಯೇ ಕೊಂಡೊಯ್ಯಲು ಬಿಡಿ.