ಬದುಕಿನ ಹಂತಗಳು ಮತ್ತು ಅಳತೆಯ ಭಾಷೆ: ನಾಲ್ಕು ತಾಲ್ಲೂಕುಗಳ ನೆಲೆಯಲ್ಲಿ ಜೀವಿತಾವಧಿ ವಿಕಾಸದ ಅಧ್ಯಯನ

ಮನುಷ್ಯನ ಬದುಕನ್ನು ಹಂತಗಳಾಗಿ ವಿಂಗಡಿಸಿ ನೋಡುವ ಕ್ರಮ ಕನ್ನಡಕ್ಕೆ ಹೊಸದಲ್ಲ. ಹಸುಗೂಸು, ಅಂಬೆಗಾಲು, ತೊದಲ್ನುಡಿ, ಎಳವೆ, ಹರೆಯ, ನಡುವಯಸ್ಸು, ಮುಪ್ಪು ಎಂಬ ಪದಗಳ ಸಾಲಿನಲ್ಲಿಯೇ ವಿಕಾಸದ ಒಂದು ಕಲ್ಪನೆ ಅಡಗಿದೆ. ಈ ಪದಗಳು ವರ್ಷಗಳನ್ನು ಎಣಿಸುವುದಿಲ್ಲ. ಮನುಷ್ಯನು ಏನು ಮಾಡಬಲ್ಲ, ಯಾರನ್ನು ಅವಲಂಬಿಸಿದ್ದಾನೆ, ಯಾರಿಗೆ ಆಸರೆಯಾಗಿದ್ದಾನೆ ಎಂಬುದನ್ನು ಹೇಳುತ್ತವೆ. ಆದರೆ ಶಿಕ್ಷಕರ ತರಬೇತಿಯ ಕನ್ನಡ ಪಠ್ಯಗಳಲ್ಲಿ ವಿಕಾಸವೆಂದರೆ ಬಹುಮಟ್ಟಿಗೆ ವಯಸ್ಸು ಮತ್ತು ಲಕ್ಷಣಗಳ ಕೋಷ್ಟಕ. ಆ ಕೋಷ್ಟಕ ತಾರುಣ್ಯಕ್ಕೆ ಬಂದು ನಿಂತುಬಿಡುತ್ತದೆ. ಅದು ಯಾವ ಮಕ್ಕಳನ್ನು ನೋಡಿ, ಯಾವ ಭಾಷೆಯಲ್ಲಿ, ಯಾವ ಕಾಲದಲ್ಲಿ ಸಿದ್ಧವಾಯಿತೆಂಬ ಪ್ರಶ್ನೆ ಏಳುವುದೇ ವಿರಳ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ ಮತ್ತು ಜಗಳೂರು ತಾಲ್ಲೂಕುಗಳನ್ನು ಎದುರಿಗಿಟ್ಟುಕೊಂಡು ನೋಡಿದಾಗ ಈ ಪ್ರಶ್ನೆ ಕೇವಲ ಶಾಸ್ತ್ರದ್ದಲ್ಲ, ಬದುಕಿನದೂ ಹೌದೆಂಬುದು ಮನವರಿಕೆಯಾಗುತ್ತದೆ.

ವಿಕಾಸವು ಹರೆಯದೊಂದಿಗೆ ಮುಗಿಯುವುದಿಲ್ಲ ಎಂಬುದು ಜೀವಿತಾವಧಿ ವಿಕಾಸ ಸಿದ್ಧಾಂತದ ಮೂಲ ನೆಲೆ. ಎರಿಕ್ ಎರಿಕ್ಸನ್ ೧೯೫೦ರಲ್ಲಿ ಪ್ರಕಟಿಸಿದ ಕೃತಿಯಲ್ಲಿ ಶೈಶವದಿಂದ ವೃದ್ಧಾಪ್ಯದವರೆಗೆ ಎಂಟು ಹಂತಗಳನ್ನು ಗುರುತಿಸಿದನು. ಭಾರತೀಯ ಮನೋವಿಶ್ಲೇಷಕ ಸುಧೀರ್ ಕಾಕರ್ ಆ ಹಂತಗಳನ್ನು ಆಶ್ರಮ ವ್ಯವಸ್ಥೆಯ ಕಲ್ಪನೆಯೊಂದಿಗೆ ಹೋಲಿಸಿ ನೋಡಿದರು. ಜರ್ಮನಿಯ ಪೌಲ್ ಬಾಲ್ಟೆಸ್ ೧೯೮೭ರಲ್ಲಿ ಈ ದೃಷ್ಟಿಯನ್ನು ವ್ಯವಸ್ಥಿತವಾಗಿ ಮಂಡಿಸಿದನು. ಅವನ ಪ್ರಕಾರ ವಿಕಾಸವು ಜೀವಮಾನದುದ್ದಕ್ಕೂ ನಡೆಯುತ್ತದೆ; ಅದು ಒಂದೇ ದಿಕ್ಕಿನಲ್ಲಿ ಸಾಗುವುದಿಲ್ಲ; ಪ್ರತಿ ವಯಸ್ಸಿನಲ್ಲಿಯೂ ಗಳಿಕೆ ಮತ್ತು ನಷ್ಟ ಎರಡೂ ಇರುತ್ತವೆ; ಮನುಷ್ಯನಲ್ಲಿ ಬದಲಾಗಬಲ್ಲ ನಮ್ಯತೆ ಉಳಿದಿರುತ್ತದೆ; ಅವನು ಹುಟ್ಟಿ ಬೆಳೆದ ಚರಿತ್ರೆ ಅವನ ವಿಕಾಸವನ್ನು ರೂಪಿಸುತ್ತದೆ. ಈ ಕೊನೆಯ ಮಾತು ಪ್ರಸ್ತುತ ಚರ್ಚೆಗೆ ಅತ್ಯಂತ ಮುಖ್ಯವಾದುದು.

ವಿಕಾಸವನ್ನು ಅಳೆಯಲು ಮನೋವಿಜ್ಞಾನಿಗಳು ಅನುಸರಿಸುವ ಮುಖ್ಯ ಮಾರ್ಗಗಳು ಎರಡು. ಬೇರೆ ಬೇರೆ ವಯಸ್ಸಿನವರನ್ನು ಒಂದೇ ಕಾಲದಲ್ಲಿ ಪರೀಕ್ಷಿಸಿ ಹೋಲಿಸುವುದು ಅಡ್ಡಛೇದ ವಿಧಾನ. ಅದೇ ಜನರನ್ನು ವರ್ಷಾನುಗಟ್ಟಲೆ ಹಿಂಬಾಲಿಸಿ ಮತ್ತೆ ಮತ್ತೆ ಪರೀಕ್ಷಿಸುವುದು ದೀರ್ಘಾವಧಿ ವಿಧಾನ. ಮೊದಲನೆಯದು ಬೇಗ ಮುಗಿಯುತ್ತದೆ, ಖರ್ಚು ಕಡಿಮೆ. ಆದರೆ ಅದರಲ್ಲಿ ದೊಡ್ಡದೊಂದು ಮೋಸವಿದೆ. ಚನ್ನಗಿರಿಯ ನಿದರ್ಶನದಿಂದ ಇದನ್ನು ಸ್ಪಷ್ಟಪಡಿಸಬಹುದು. ೧೯೬೦ರ ದಶಕದಲ್ಲಿ ಪೂರ್ಣಗೊಂಡ ಭದ್ರಾ ಜಲಾಶಯದ ನಾಲೆಗಳು ಚನ್ನಗಿರಿ ಮತ್ತು ಹೊನ್ನಾಳಿ ಸೀಮೆಯ ಹಲವು ಊರುಗಳ ಬೇಸಾಯವನ್ನು ಬದಲಿಸಿದವು. ನೀರು ಬಂದಲ್ಲಿ ಭತ್ತ ಬಂದಿತು, ತೋಟ ಹರಡಿತು. ನಾಲೆಗೆ ಮೊದಲು ಹುಟ್ಟಿದ ಅಜ್ಜಿಯ ಬಾಲ್ಯದ ಊಟ, ಶಾಲೆ, ದುಡಿಮೆ ಬೇರೆ; ನಾಲೆಯ ನಂತರ ಹುಟ್ಟಿದ ಮಗಳದು ಬೇರೆ; ಶಾಲೆಯಲ್ಲಿಯೇ ಬಿಸಿಯೂಟ ಉಣ್ಣುವ ಮೊಮ್ಮಗಳದು ಮತ್ತೂ ಬೇರೆ. ಈ ಮೂವರನ್ನು ಒಂದೇ ದಿನ ಕೂರಿಸಿ ನೆನಪಿನ ಪರೀಕ್ಷೆ ಮಾಡಿ, ಅಜ್ಜಿಯ ಅಂಕ ಕಡಿಮೆ ಬಂದುದಕ್ಕೆ ಮುಪ್ಪೇ ಕಾರಣವೆಂದು ತೀರ್ಮಾನಿಸಿದರೆ, ಚರಿತ್ರೆಯ ಹೊಣೆಯನ್ನು ವಯಸ್ಸಿನ ತಲೆಗೆ ಕಟ್ಟಿದಂತಾಗುತ್ತದೆ. ಮನೋವಿಜ್ಞಾನಿಗಳು ಇದನ್ನು ಪೀಳಿಗೆ ಪರಿಣಾಮವೆಂದು ಕರೆಯುತ್ತಾರೆ.

ವಾರ್ನರ್ ಶಾಯ್ ಎಂಬ ವಿದ್ವಾಂಸ ೧೯೫೬ರಲ್ಲಿ ಅಮೆರಿಕದ ಸಿಯಾಟಲ್‌ನಲ್ಲಿ ಆರಂಭಿಸಿದ ಅಧ್ಯಯನ ಈ ತೊಡಕನ್ನು ಬಯಲಿಗೆ ತಂದಿತು. ಅಡ್ಡಛೇದ ವಿಧಾನದಲ್ಲಿ ನೋಡಿದಾಗ ಯೌವನದ ನಂತರ ಬೇಗನೆ ಕುಸಿಯುವಂತೆ ತೋರಿದ ಹಲವು ಸಾಮರ್ಥ್ಯಗಳು, ಅದೇ ಜನರನ್ನು ಏಳು ವರ್ಷಗಳಿಗೊಮ್ಮೆ ಪರೀಕ್ಷಿಸುತ್ತ ಹೋದಾಗ ಸುಮಾರು ಅರವತ್ತರವರೆಗೆ ಉಳಿದುಕೊಂಡಿರುವುದು ಕಂಡುಬಂದಿತು. ಪ್ರತಿ ಸುತ್ತಿನಲ್ಲಿ ಹೊಸ ಪೀಳಿಗೆಯವರನ್ನೂ ಸೇರಿಸಿಕೊಳ್ಳುವ ಅನುಕ್ರಮ ವಿಧಾನ ಇಲ್ಲಿ ಬಲಗೊಂಡಿತು. ವಯಸ್ಸಿನ ಪರಿಣಾಮವನ್ನು ಪೀಳಿಗೆಯ ಪರಿಣಾಮದಿಂದ ಬೇರ್ಪಡಿಸಿ ನೋಡಲು ಇದು ಇಂದಿಗೂ ಉತ್ತಮ ಮಾರ್ಗಗಳಲ್ಲಿ ಒಂದು.

ಇಂಥ ಕೆಲಸ ಕರ್ನಾಟಕಕ್ಕೆ ಅಪರಿಚಿತವೇನೂ ಅಲ್ಲ. ಮೈಸೂರು ವಿಶ್ವವಿದ್ಯಾನಿಲಯದಲ್ಲಿ ೧೯೨೪ರಲ್ಲಿಯೇ ಎಂ.ವಿ. ಗೋಪಾಲಸ್ವಾಮಿಯವರ ನೇತೃತ್ವದಲ್ಲಿ ಮನೋವಿಜ್ಞಾನ ವಿಭಾಗ ಆರಂಭವಾಯಿತು. ೧೯೩೦ರ ದಶಕದಲ್ಲಿ ವಿ.ವಿ. ಕಾಮತರು ಬಿನೆ ಬುದ್ಧಿಶಕ್ತಿ ಪರೀಕ್ಷೆಯನ್ನು ಕನ್ನಡ ಮತ್ತು ಮರಾಠಿ ಮಾತನಾಡುವ ಮಕ್ಕಳಿಗಾಗಿ ಅಳವಡಿಸಿದರು. ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ ೧೯೩೪ರಿಂದ ಕಾಯ್ದಿಟ್ಟ ಹೆರಿಗೆಯ ದಾಖಲೆಗಳನ್ನು ಆಧರಿಸಿ, ಅಲ್ಲಿ ಜನಿಸಿದವರನ್ನು ದಶಕಗಳ ನಂತರ ಹುಡುಕಿ ಪರೀಕ್ಷಿಸಲಾಯಿತು. ಹುಟ್ಟುವಾಗ ತೂಕ ಕಡಿಮೆಯಿದ್ದವರಲ್ಲಿ ಮುಂದೆ ಹೃದ್ರೋಗ ಹೆಚ್ಚಾಗಿ ಕಂಡುಬಂದುದು ೧೯೯೬ರಲ್ಲಿ ಪ್ರಕಟವಾಯಿತು. ಅದೇ ಆಸ್ಪತ್ರೆಯಲ್ಲಿ ೧೯೯೭-೯೮ರಲ್ಲಿ ಆರಂಭವಾದ ಇನ್ನೊಂದು ಅಧ್ಯಯನ ಗರ್ಭಿಣಿಯರಿಂದ ತೊಡಗಿ ಅವರ ಮಕ್ಕಳನ್ನು ಹಿಂಬಾಲಿಸಿತು. ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನಾ ಕೇಂದ್ರವು ನಲವತ್ತೈದು ದಾಟಿದ ಗ್ರಾಮೀಣರ ಮಿದುಳಿನ ಮುಪ್ಪನ್ನು ದೀರ್ಘಾವಧಿಯ ಅಧ್ಯಯನಕ್ಕೆ ಒಳಪಡಿಸಿದೆ. ತಾಲ್ಲೂಕೊಂದು ಜಾಗತಿಕ ವಿಜ್ಞಾನದ ಅಧ್ಯಯನ ಕ್ಷೇತ್ರವಾಗಬಲ್ಲದೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ಆದರೆ ಇಲ್ಲೆಲ್ಲ ಅಳತೆಗೋಲಿನ ಭಾಷೆಯ ಪ್ರಶ್ನೆ ಉಳಿದೇ ಇದೆ. ಮನೋವಿಜ್ಞಾನದ ಬಹುಪಾಲು ಪರೀಕ್ಷೆಗಳು ಮಾತಿನ ಮೂಲಕವೇ ನಡೆಯುತ್ತವೆ. ಹೊನ್ನಾಳಿಯಿಂದ ಬೇರ್ಪಟ್ಟು ಪ್ರತ್ಯೇಕ ತಾಲ್ಲೂಕಾದ ನ್ಯಾಮತಿಯನ್ನೇ ನೋಡಬಹುದು. ಸೇವಾಲಾಲರ ಜನ್ಮಸ್ಥಳವೆಂದು ಬಂಜಾರ ಸಮುದಾಯ ಪೂಜಿಸುವ ಸೂರಗೊಂಡನಕೊಪ್ಪ ಇರುವುದು ಈ ತಾಲ್ಲೂಕಿನಲ್ಲಿ. ತಾಂಡಾದ ಮಗು ಮನೆಯಲ್ಲಿ ಲಂಬಾಣಿ ಮಾತನಾಡಿ, ಶಾಲೆಯಲ್ಲಿ ಗ್ರಾಂಥಿಕ ಕನ್ನಡವನ್ನು ಎದುರಿಸುತ್ತದೆ. ಶಾಲೆಗೆ ಬಂದ ಮೊದಲ ವರ್ಷದಲ್ಲಿಯೇ ಆ ಮಗುವಿಗೆ ಕನ್ನಡ ಪದಸಂಪತ್ತಿನ ಪರೀಕ್ಷೆ ಕೊಟ್ಟರೆ ಅಳತೆಗೆ ಸಿಗುವುದು ಬುದ್ಧಿಯಲ್ಲ, ಶಾಲೆಯ ಭಾಷೆಯೊಂದಿಗೆ ಆ ಮಗುವಿಗಿರುವ ಬಳಕೆ. ಎರಡು ಭಾಷೆಗಳ ನಡುವೆ ಓಡಾಡುವ ಅದರ ಸಾಮರ್ಥ್ಯ ಲೆಕ್ಕಕ್ಕೇ ಬರುವುದಿಲ್ಲ. ಅಂಕಪಟ್ಟಿಯಲ್ಲಿ ಮಾತ್ರ 'ಕಲಿಕೆಯಲ್ಲಿ ಹಿಂದುಳಿದ ಮಗು' ಎಂಬ ಮಾತು ಉಳಿದು, ಮುಂದಿನ ಶಿಕ್ಷಕರ ನಿರೀಕ್ಷೆಯನ್ನೂ ಅದೇ ರೂಪಿಸುತ್ತದೆ.

ಬದುಕಿನ ಇನ್ನೊಂದು ತುದಿಯಲ್ಲಿಯೂ ಇದೇ ಅಪಾಯವಿದೆ. ಮರೆವಿನ ಕಾಯಿಲೆಯನ್ನು ಗುರುತಿಸುವ ಪರೀಕ್ಷೆಗಳು ಸಾಮಾನ್ಯವಾಗಿ ಇಂದಿನ ತಾರೀಖು, ತಿಂಗಳು, ಇಸವಿಗಳನ್ನು ಕೇಳುತ್ತವೆ. ವಾಕ್ಯವೊಂದನ್ನು ಬರೆಯಲು, ಆಕೃತಿಯೊಂದನ್ನು ಚಿತ್ರಿಸಲು ಹೇಳುತ್ತವೆ. ಹೊನ್ನಾಳಿಯ ಹೊಳೆಸಾಲಿನಲ್ಲಿ ಬೇಸಾಯ ಮಾಡಿಕೊಂಡು ಬಂದ, ಸೀಸದಕಡ್ಡಿ ಹಿಡಿಯದ ವೃದ್ಧೆಗೆ ತಾರೀಖು ತಿಳಿಯದಿರಬಹುದು. ಆದರೆ ಈಗ ನಡೆದಿರುವುದು ರೋಹಿಣಿ ಮಳೆಯೋ ಆರಿದ್ರ ಮಳೆಯೋ, ಅಮಾವಾಸ್ಯೆಗೆ ಎಷ್ಟು ದಿನ ಉಳಿದಿದೆ ಎಂಬುದನ್ನು ಆಕೆ ತಡವರಿಸದೆ ಹೇಳಬಲ್ಲಳು. ಕಾಲದ ಅರಿವು ಆಕೆಯಲ್ಲಿದೆ. ಪರೀಕ್ಷೆಯ ಪಂಚಾಂಗ ಮಾತ್ರ ಬೇರೆ. ರೋಗವಿಲ್ಲದವಳನ್ನು ರೋಗಿಯೆಂದು ಕರೆಯುವುದು ಎಷ್ಟು ತಪ್ಪೋ, 'ವಯಸ್ಸಾಯಿತು, ಅರಳುಮರಳು' ಎಂದು ನಿಜವಾದ ರೋಗವನ್ನು ಕಡೆಗಣಿಸುವುದೂ ಅಷ್ಟೇ ತಪ್ಪು. ಸರಿಯಾದ ಅಳತೆಗೋಲು ಈ ಎರಡೂ ತಪ್ಪುಗಳಿಂದ ಪಾರುಮಾಡಬೇಕು.

ವಯಸ್ಸಿನ ದಾಖಲೆಯೂ ಪ್ರಶ್ನಾತೀತವಲ್ಲ. ಹಿಂದಿನ ತಲೆಮಾರಿನಲ್ಲಿ ಹಲವರ ಜನ್ಮದಿನಾಂಕವನ್ನು ನಿರ್ಧರಿಸಿದವರು ಶಾಲೆಯ ಮೇಷ್ಟ್ರು. ಆದ್ದರಿಂದ ಊರಿನ ನೆನಪಿನಲ್ಲಿರುವ ಘಟನೆಗಳನ್ನು ಹಿಡಿದು ವಯಸ್ಸನ್ನು ಅಂದಾಜು ಮಾಡುವ ಕ್ರಮವನ್ನು ಸಂಶೋಧಕರು ಬಳಸುತ್ತಾರೆ. ನಾಲೆಗೆ ಮೊದಲು ನೀರು ಬಂದ ವರ್ಷ, ಇಂಥ ಬರದ ವರ್ಷ, ದಾವಣಗೆರೆ ಜಿಲ್ಲೆಯಾದ ೧೯೯೭ ಮುಂತಾದ ಗುರುತುಗಳು ಇಲ್ಲಿ ನೆರವಾಗುತ್ತವೆ. ಇಂಥ ಮೌಖಿಕ ಕಾಲಗಣನೆಯನ್ನು ಸಂಗ್ರಹಿಸುವ ಕೌಶಲ ಜಾನಪದ ಕ್ಷೇತ್ರಕಾರ್ಯದಲ್ಲಿ ಪಳಗಿದ ಕನ್ನಡ ವಿಭಾಗಗಳಲ್ಲಿಯೇ ಇದೆ.

ಇಲ್ಲಿ ಎರಡು ಆಕ್ಷೇಪಗಳು ಬರಬಹುದು. ಇದು ಮನೋವಿಜ್ಞಾನಿಗಳ ಕೆಲಸ, ಕನ್ನಡ ವಿಭಾಗಕ್ಕೆ ಇದರ ಗೊಡವೆ ಏಕೆಂಬುದು ಮೊದಲನೆಯದು. ಭಾಷೆಯೇ ಅಳತೆಗೋಲಾಗಿರುವಾಗ ಭಾಷೆಯ ವಿದ್ವಾಂಸರು ದೂರ ನಿಲ್ಲುವುದು ಹೊಣೆಯಿಂದ ಜಾರಿಕೊಂಡಂತೆ ಎಂಬುದೇ ಇದಕ್ಕೆ ಉತ್ತರ. ಊರಿಗೊಂದು ಪರೀಕ್ಷೆ ಮಾಡಿದರೆ ಫಲಿತಗಳನ್ನು ಹೋಲಿಸುವುದು ಹೇಗೆಂಬುದು ಎರಡನೆಯದು. ಈ ಆಕ್ಷೇಪದಲ್ಲಿ ಹುರುಳಿದೆ. ಆದರೆ ಬದಲಾಗಬೇಕಾದುದು ಪರೀಕ್ಷಿಸುವ ಸಾಮರ್ಥ್ಯವಲ್ಲ, ಅದನ್ನು ಪರೀಕ್ಷಿಸಲು ಬಳಸುವ ಸಾಮಗ್ರಿ. ನೆನಪನ್ನೇ ಅಳೆಯಬೇಕು, ನೆನಪಿಡಲು ಕೊಡುವ ಪದಗಳು ಮಾತ್ರ ಆ ಜನಕ್ಕೆ ಸಮಾನವಾಗಿ ಪರಿಚಿತವಾಗಿರಬೇಕು. ಅನುವಾದ, ಮರು ಅನುವಾದ ಮತ್ತು ಸ್ಥಳೀಯ ಮಾನಕಗಳ ನಿರ್ಣಯದಿಂದ ಈ ಸಮಾನತೆಯನ್ನು ಪರಿಶೀಲಿಸಲು ಸಾಧ್ಯ.

ಕೊನೆಯದಾಗಿ, ಜಗಳೂರು. ಬರಪೀಡಿತ ತಾಲ್ಲೂಕೆಂದೇ ಹೆಸರಾದ ಇಲ್ಲಿ ಮಳೆ ಕೈಕೊಟ್ಟ ವರ್ಷ ದುಡಿಯುವ ಕುಟುಂಬಗಳು ಗುಳೆ ಹೋಗುತ್ತವೆ. ಅಜ್ಜ ಅಜ್ಜಿಯರ ಬಳಿ ಉಳಿಯುವ ಮಗು, ಹೆತ್ತವರೊಂದಿಗೆ ಹೊರಟು ಶಾಲೆ ತಪ್ಪಿಸಿಕೊಳ್ಳುವ ಮಗು, ಇಳಿವಯಸ್ಸಿನಲ್ಲಿ ಮತ್ತೆ ಮಕ್ಕಳನ್ನು ಸಾಕುವ ಹಿರಿಯರು, ಇವರ ವಿಕಾಸದ ಕಥೆ ಯಾವ ಕೋಷ್ಟಕದಲ್ಲಿಯೂ ಇಲ್ಲ. ದೀರ್ಘಾವಧಿ ಅಧ್ಯಯನದಿಂದ ಮೊದಲು ಕಳಚಿಕೊಳ್ಳುವವರೂ ಇಂಥವರೇ. ಉಳಿದವರನ್ನಷ್ಟೇ ಅಳೆದು ತಾಲ್ಲೂಕಿನ ಚಿತ್ರ ಬರೆದರೆ ಅದು ಊರು ಬಿಡದವರ ಚಿತ್ರ ಮಾತ್ರ ಆಗುತ್ತದೆ. ಭದ್ರಾ ಮೇಲ್ದಂಡೆ ಯೋಜನೆಯ ನೀರು ತಲುಪಬೇಕಾದ ತಾಲ್ಲೂಕುಗಳಲ್ಲಿ ಜಗಳೂರೂ ಸೇರಿದೆ. ಆ ನೀರು ಬಂದಾಗ ಬಾಲ್ಯ ಹೇಗೆ ಬದಲಾಯಿತು, ಮುಪ್ಪು ಹೇಗೆ ಬದಲಾಯಿತು ಎಂದು ಕೇಳಬೇಕಾದರೆ, ಬರುವುದಕ್ಕೆ ಮುನ್ನ ಹೇಗಿತ್ತೆಂಬುದರ ದಾಖಲೆ ಇರಬೇಕು. ಚನ್ನಗಿರಿಯಲ್ಲಿ ಆ ಅವಕಾಶ ಅರ್ಧ ಶತಮಾನಕ್ಕೂ ಹಿಂದೆಯೇ ಕೈತಪ್ಪಿತು. ಉಳಿದಿರುವುದು ಹಿರಿಯರ ನೆನಪು, ಅದೂ ದಿನದಿನಕ್ಕೆ ಕಡಿಮೆಯಾಗುತ್ತಿದೆ. ಜಗಳೂರಿನಲ್ಲಿ ಅದು ಮರುಕಳಿಸಬಾರದು.

ಆದುದರಿಂದ ಕನ್ನಡ, ಮನೋವಿಜ್ಞಾನ ಮತ್ತು ಶಿಕ್ಷಣ ವಿಭಾಗಗಳು ಕೂಡಿ, ಈ ನಾಲ್ಕು ತಾಲ್ಲೂಕುಗಳಿಂದ ಮಕ್ಕಳು, ನಡುವಯಸ್ಕರು ಮತ್ತು ವೃದ್ಧರ ಮೂರು ತಂಡಗಳನ್ನು ಆರಿಸಿಕೊಂಡು ಅನುಕ್ರಮ ವಿಧಾನದ ಅಧ್ಯಯನವೊಂದನ್ನು ಆರಂಭಿಸುವುದು ಅಪೇಕ್ಷಣೀಯ. ಒಳಪಡುವವರಿಗೆ ಅವರ ಮಾತಿನಲ್ಲಿಯೇ ವಿವರಿಸಿ ಒಪ್ಪಿಗೆ ಪಡೆಯಬೇಕು. ಬೇಡವೆನ್ನುವ ಹಕ್ಕನ್ನು ಗೌರವಿಸಬೇಕು. ಕಂಡುಕೊಂಡುದನ್ನು ಅದೇ ಊರಿನ ಶಾಲೆಗೂ ಅಂಗನವಾಡಿಗೂ ಹಿಂದಿರುಗಿಸಬೇಕು. ಇಂಥ ಅಧ್ಯಯನದ ಫಲ ಕಾಣಲು ಇಪ್ಪತ್ತು ವರ್ಷ ಬೇಕಾಗಬಹುದು. ಆರಂಭಿಸಿದವರು ಮುಗಿಸಲಾರದೆಯೂ ಹೋಗಬಹುದು. ಆದರೆ ತಾಂಡಾದ ಮಗುವಿಗೆ ಅಂಟಿಸುವ ಹಣೆಪಟ್ಟಿ ಆ ಇಪ್ಪತ್ತು ವರ್ಷ ಕಾಯುವುದಿಲ್ಲ. ಅಳತೆಗೋಲನ್ನು ತಿದ್ದುವ ಕೆಲಸವಾದರೂ ಮೊದಲು ಆರಂಭವಾಗಬೇಕು.