ಕೆಂಪಂಗಿಯ ರಹೀಮ

ಅಮೆರಿಕದ ಟೀವಿಯಲ್ಲಿ 1966ರಿಂದ 1969ರವರೆಗೆ ‘ಸ್ಟಾರ್ ಟ್ರೆಕ್’ ಎಂಬ ಧಾರಾವಾಹಿ ಬಂತು. ನಕ್ಷತ್ರಲೋಕದಲ್ಲಿ ಸುತ್ತುವ ಹಡಗೊಂದರ ಕಥೆ. ನಾಯಕ ಕರ್ಕ್, ಜೊತೆಗಾರ ಸ್ಪಾಕ್ ಹೊಸ ಗ್ರಹಕ್ಕೆ ಇಳಿಯುವಾಗ ಕೆಂಪು ಅಂಗಿ ತೊಟ್ಟ ಕಾವಲುಗಾರರೂ ಜೊತೆಗಿರುತ್ತಾರೆ. ಸಾಯುವವರು ಯಾರೆಂದು ನೋಡುಗರಿಗೆ ಮೊದಲೇ ಗೊತ್ತು. 1967ರ ‘ದಿ ಆಪಲ್’ ಎಂಬ ಒಂದೇ ಕಂತಿನಲ್ಲಿ ಇಂಥ ನಾಲ್ವರು ಸಾಯುತ್ತಾರೆ. ಅಪಾಯ ಎಷ್ಟು ದೊಡ್ಡದೆಂದು ತೋರಿಸುವುದಷ್ಟೇ ಅವರ ಕೆಲಸ. ಕೊನೆಯಲ್ಲಿ ನಾಯಕರು ತಮಾಷೆ ಮಾಡುತ್ತಿರುತ್ತಾರೆ.

ಕಡೂರಿನಲ್ಲಿ ಕೂತು ಇದನ್ನೇಕೆ ಬರೆಯಬೇಕು? ನಮ್ಮ ತೆರೆಯಲ್ಲೂ ಕೆಂಪಂಗಿಯವನಿದ್ದಾನೆ. ಅವನ ತಲೆಯ ಮೇಲೆ ಬಿಳಿ ಟೋಪಿ ಇರುತ್ತದೆ, ಅಷ್ಟೇ.

ನಮ್ಮ ರಾಮನಗರದ ಬೆಟ್ಟಗಳಲ್ಲಿ ಚಿತ್ರೀಕರಿಸಿದ ‘ಶೋಲೆ’ (1975) ನೋಡಿ. ಕುರುಡ ಇಮಾಮರ ಮಗ ಅಹ್ಮದ್ ಕೆಲಸಕ್ಕೆಂದು ಊರು ಬಿಡುತ್ತಾನೆ. ಗಬ್ಬರನ ಕೈಗೆ ಸಿಕ್ಕಿ, ಕುದುರೆಯ ಮೇಲೆ ಹೆಣವಾಗಿ ಮರಳುತ್ತಾನೆ. ಊರಿನವರು ವೀರು, ಜೈ ಇಬ್ಬರಿಗೂ ಬೆನ್ನು ತೋರಿಸಿದಾಗ, ಮಗನನ್ನು ಕಳೆದುಕೊಂಡ ಇಮಾಮರೇ ಅವರ ಪರ ನಿಲ್ಲಬೇಕಾಗುತ್ತದೆ. ಆಮೇಲೆ ಕಥೆ ನಾಯಕರದು. ನಾನು ಹುಡುಗನಾಗಿದ್ದಾಗ ಮದುವೆ ಮನೆಯೊಂದರಲ್ಲಿ ವಿಸಿಆರ್ ಬಾಡಿಗೆಗೆ ತಂದು ಇದನ್ನು ಹಾಕಿದ್ದರು. ಎಲ್ಲರೂ ಅತ್ತರು. ಅಮ್ಮಿ ಮಾತ್ರ ಕೇಳಿದರು: “ಆ ಹುಡುಗನ ತಾಯಿ ಎಲ್ಲಿ?”

ಆ ಪ್ರಶ್ನೆಯನ್ನು ನಾನು ಮರೆತೆ. ಕಥೆಗಾರನಾದ ಮೇಲೆ ನಾನೂ ಒಬ್ಬ ರಹೀಮನನ್ನು ಕೊಂದೆ. ಲಾರಿ ಕ್ಲೀನರ್ ರಹೀಮ, ಮಾಲೀಕರ ಮಗುವನ್ನು ಕೆರೆಯಿಂದ ಎತ್ತಿಹಾಕಿ ತಾನು ಮುಳುಗುತ್ತಾನೆ. ಕಥೆಗೆ ಬಹುಮಾನ ಬಂತು. ತರೀಕೆರೆಯ ಚಹಾದಂಗಡಿಯಲ್ಲಿ ಅದನ್ನು ಓದಿಸಿ ಕೇಳಿದ ಹಳೆಯ ಕ್ಲೀನರ್ ಒಬ್ಬರು, “ಸಾಹೇಬ್ರೇ, ಅವನ ಹೆಂಡ್ತಿಗೆ ಇನ್ಶೂರೆನ್ಸ್ ದುಡ್ಡು ಬಂತಾ?” ಎಂದರು. ನಾನು ಅವನಿಗೆ ಹೆಂಡತಿಯನ್ನೇ ಕೊಟ್ಟಿರಲಿಲ್ಲ. ಸಾಲವಿಲ್ಲ, ಸಿಟ್ಟಿಲ್ಲ, ಬೀಡಿಯ ಚಟವೂ ಇಲ್ಲ. ಒಳ್ಳೆಯತನವೊಂದಿತ್ತು. ಅದನ್ನು ಸಾಬೀತು ಮಾಡಲು ಕೆರೆ ಇತ್ತು.

“ಕೆಟ್ಟವರೆಂದು ತೋರಿಸಿಲ್ಲವಲ್ಲ, ಇನ್ನೇನು ಬೇಕು?” ಎನ್ನುವ ಗೆಳೆಯರಿದ್ದಾರೆ. ಸತ್ತರೆ ಮಾತ್ರ ಒಳ್ಳೆಯವನು ಎಂಬುದು ಪ್ರಶಂಸೆಯಲ್ಲ, ಶರತ್ತು. ಆ ಶರತ್ತನ್ನು ನಾವೂ ಒಪ್ಪಿಕೊಂಡಿದ್ದೇವೆ. ನಮ್ಮ ನಿಷ್ಠೆಯನ್ನು ಯಾರಾದರೂ ಪ್ರಶ್ನಿಸಿದೊಡನೆ 1965ರ ಯುದ್ಧದಲ್ಲಿ ಮಡಿದ ಪರಮವೀರ ಚಕ್ರದ ಅಬ್ದುಲ್ ಹಮೀದರನ್ನು ಸಾಕ್ಷಿಗೆ ಕರೆಯುತ್ತೇವೆ. ಆ ವೀರರಿಗೆ ನನ್ನ ಸಲಾಂ. ಆದರೆ ಅವರ ಪತ್ನಿ ರಸೂಲನ್ ಬೀಬಿ 2019ರವರೆಗೆ, ಅರ್ಧ ಶತಮಾನಕ್ಕೂ ಹೆಚ್ಚು ಕಾಲ ವಿಧವೆಯಾಗಿ ಬದುಕಿದರು. ನಮ್ಮ ಭಾಷಣಗಳಲ್ಲಿ ಅವರೆಲ್ಲಿದ್ದಾರೆ?

“ಕಥೆಯಲ್ಲಿ ಎಲ್ಲರೂ ನಾಯಕರಾಗಲು ಸಾಧ್ಯವೇ?” ಎಂಬುದು ಇನ್ನೊಂದು ವಾದ. ಬೇಡ. ಇದಕ್ಕೆ ಉತ್ತರ ಪಕ್ಕದ ಅಜ್ಜಂಪುರದಲ್ಲೇ ಇದೆ. ‘ಆನಂದ’ ಎಂಬ ಹೆಸರಿನಲ್ಲಿ ಬರೆದ ಅಜ್ಜಂಪುರ ಸೀತಾರಾಮರ ‘ನಾನು ಕೊಂದ ಹುಡುಗಿ’ ಓದಿ. ಹಳ್ಳಿಗೆ ಬಂದ ವಿದ್ಯಾವಂತ ಅತಿಥಿ, ದೇವರ ಹೆಸರಿಗೆ ಬಿಟ್ಟ ಚೆನ್ನಮ್ಮನಿಗೆ ಅವಳ ಬದುಕು ಪಾಪವೆಂದು ಉಪದೇಶಿಸುತ್ತಾನೆ. ಆಕೆ ಬಾವಿಗೆ ಬೀಳುತ್ತಾಳೆ. ಅವಳದೂ ಕೆಲವೇ ಪುಟಗಳ ಬದುಕು. ಆದರೆ ಆ ಸಾವು ನಿರೂಪಕನ ಕೊರಳಿಗೆ ಬಿದ್ದಿದೆ. ಶೀರ್ಷಿಕೆಯಲ್ಲೇ ಅವನು ತಪ್ಪೊಪ್ಪಿಕೊಂಡಿದ್ದಾನೆ. ಪಾತ್ರ ಚಿಕ್ಕದಾದರೆ ಸಾವೂ ಚಿಕ್ಕದಾಗಬೇಕಿಲ್ಲ.

ಕಥೆಯಲ್ಲಿ ಲೆಕ್ಕಕ್ಕಿಲ್ಲದೆ ಸತ್ತವನು ಬೀದಿಯಲ್ಲಿ ಸತ್ತಾಗಲೂ ಯಾರೂ ಲೆಕ್ಕ ಕೇಳುವುದಿಲ್ಲ. ಬಿ.ಎಚ್. ರಸ್ತೆಯಲ್ಲಿ ಲಾರಿ ಮಗುಚಿದರೆ ‘ಕ್ಲೀನರ್ ಸಾವು’ ಎಂದು ಓದಿ ನಾವು ಪುಟ ತಿರುವುತ್ತೇವೆ. ಹಾಗೆ ತಿರುವಲು ಕಲಿಸಿದವರಲ್ಲಿ ನಾನೂ ಒಬ್ಬ.

ಆದ್ದರಿಂದ ಕಥೆಗಾರ ಮಿತ್ರರಲ್ಲಿ ವಿನಂತಿ: ರಹೀಮನನ್ನು ದೇವದೂತ ಮಾಡಬೇಡಿ. ಅವನು ಸಂಬಳಕ್ಕೆ ಜಗಳವಾಡಲಿ, ಮಗಳ ಫೀಸಿಗೆ ಸಾಲ ಮಾಡಲಿ, ಒಮ್ಮೊಮ್ಮೆ ಸುಳ್ಳೂ ಹೇಳಲಿ. ಸಾಯಲೇಬೇಕಾದರೆ ಸಾಯಲಿ. ಆದರೆ ಅವನ ತಾಯಿ ಎಲ್ಲಿದ್ದಾಳೆಂದು ಮೊದಲು ವಿಚಾರಿಸಿ.