ಗುಜರಿ ತಕ್ಕಡಿಗೆ ಬಿದ್ದ ಪಂಖಾ

ಬಿಸಿಲು 42 ಡಿಗ್ರಿ ದಾಟಿತು ಎಂದರೆ ಆಳಂದ, ಅಫಜಲಪುರ, ಜೇವರ್ಗಿ ಮೂರೂ ಊರಿನ ಅಂಗಡಿಕಾರರಿಗೆ ಒಂದೇ ಚಿಂತೆ. ಹಳೇ ಪಂಖಾ ಇಳಿಸಬೇಕು, ಹೊಸದು ಏರಿಸಬೇಕು. ಇಳಿಸಿದ್ದು ಎಲ್ಲಿಗೆ ಹೋಗುತ್ತದೆ? ಸೀದಾ ಗುಜರಿಯವನ ತಕ್ಕಡಿಗೆ. ಮೂವತ್ತು, ನಲವತ್ತು ವರ್ಷ ಗಾಳಿ ಬೀಸಿದ ಉಷಾ, ಓರಿಯಂಟ್, ಜಿಇಸಿ, ಕ್ರಾಂಪ್ಟನ್ ಸುತ್ತಿಗೆ ಏಟು ತಿಂದು ತಾಮ್ರ ಬೇರೆ, ಬೀಡು ಬೇರೆ ಆಗಿ ಚೀಲ ಸೇರುತ್ತವೆ.

ತಾಮ್ರದ ರೇಟು ಕಬ್ಬಿಣದ ರೇಟಿಗಿಂತ ಎಷ್ಟೋ ಪಟ್ಟು ಹೆಚ್ಚು. ಇಡೀ ಪಂಖಾ ಕಬ್ಬಿಣದ ರೇಟಿಗೇ ತೂಗಿದರೆ ಒಳಗಿನ ತಾಮ್ರ ಯಾರ ಪಾಲಾಯಿತು? ಬೆಲ್ಲದ ತೂಕದಲ್ಲಿ ಐವತ್ತು ಗ್ರಾಂ ಬಿಡದ ಸಾವಕಾರರು ಇಲ್ಲಿ ಮಾತ್ರ ಕಣ್ಣು ಮುಚ್ಚಿ ಧಾರಾಳಿಗಳಾಗುತ್ತಾರೆ!

ಅಷ್ಟಕ್ಕೂ ಆ ಪಂಖಾ ಸತ್ತಿರುತ್ತದೆಯೇ? ಕೈಯಿಂದ ತಳ್ಳಿದರೆ ತಿರುಗುತ್ತದೆ, ಇಲ್ಲವಾದರೆ ಗುಂಯ್ ಅಂತ ನಿಲ್ಲುತ್ತದೆ ಎಂದರೆ ಬಹಳ ಸಲ ಕೆಟ್ಟದ್ದು ಕಂಡೆನ್ಸರ್ ಒಂದೇ. ಛಾವಣಿ ಪಂಖಾಕ್ಕೆ ಸಾಮಾನ್ಯವಾಗಿ 2.5 ಮೈಕ್ರೋಫ್ಯಾರಡ್‌ನದು ಸಾಕು, ಬೆಲೆಯೂ ದೊಡ್ಡದಲ್ಲ. ಕರಕರ ಸದ್ದು ಬಂದರೆ ಬೇರಿಂಗ್‌ನ ಗ್ರೀಸು ಒಣಗಿದೆ, ಇಲ್ಲವೇ ಬೇರಿಂಗೇ ಸವೆದಿದೆ. ಕಾಯಿಲ್ ಸುಟ್ಟಿದ್ದರೂ ಮತ್ತೆ ಸುತ್ತಬಹುದು. ಆದರೆ ಏಣಿ ಹತ್ತಿದ ಹುಡುಗ ಕೆಳಗಿಳಿಯುವ ಮೊದಲೇ ತೀರ್ಪು ಕೊಟ್ಟುಬಿಡುತ್ತಾನೆ: "ಇದರಾಗ ಏನೂ ಉಳದಿಲ್ರಿ ಸಾವಕಾರ್ರ, ಹೊಸಾದು ತಗೋರಿ."

ಉಳಿದಿದೆಯೋ ಇಲ್ಲವೋ ಹೇಳಬೇಕಾದವನು ವೈಂಡಿಂಗ್ ಅಂಗಡಿಯವನು. ಭೀಮಾ ದಂಡೆಯ ಕಬ್ಬಿನ ಪಂಪ್‌ಸೆಟ್ಟು, ತೊಗರಿ ಬೇಳೆ ಮಿಲ್ಲಿನ ಮೋಟಾರು, ಬೋರ್‌ವೆಲ್ಲು, ಇವು ಸುಡುವ ತನಕ ಅವನ ಹೊಟ್ಟೆಗೆ ಚಿಂತೆಯಿಲ್ಲ. ಪಂಖಾ ಅವನಿಗೆ ಕೈಗೆಲಸ. ಸುಟ್ಟ ತಂತಿ ಬಿಚ್ಚುವಾಗ ಸುತ್ತು ಎಣಿಸಬೇಕು, ತಂತಿಯ ಗೇಜು ಅಳೆಯಬೇಕು, ಹೊಸದು ಸುತ್ತಿ ವಾರ್ನಿಶ್ ಹಚ್ಚಿ ಒಣಗಿಸಬೇಕು. ಹತ್ತು ಸುತ್ತು ತಪ್ಪಿದರೂ ಕಾದೀತು, ಇಲ್ಲಾ ನಿಧಾನವಾದೀತು. ಯಾವ ಕಂಪನಿಗೆ ಎಷ್ಟು ಸುತ್ತು ಎಂಬುದು ಎಣ್ಣೆ ಮೆತ್ತಿದ ನೋಟ್‌ಬುಕ್ಕಿನಲ್ಲಿ ಇರುತ್ತದೆ, ಅಂಗಡಿ ಮುಚ್ಚಿದ ದಿನ ಅದೂ ರದ್ದಿಗೆ ಹೋಗುತ್ತದೆ. ಹುಡುಗರು ಮೊಬೈಲ್ ರಿಪೇರಿ ಕಲಿಯುತ್ತಾರೆ. ಅವರದು ತಪ್ಪೇನಲ್ಲ. ಪಂಖಾವೇ ಅಂಗಡಿಗೆ ಬರದಿದ್ದರೆ ಯಾಕೆ ಕಲಿತಾರು?

ಹಳೇ ಪಂಖಾ ಕೂಡಿಹಾಕುವ ಹುಚ್ಚು ಹೊಸದೇನಲ್ಲ. ಟೇಬಲ್ ಪಂಖಾ ಹುಟ್ಟಿದ್ದು 1882ರಲ್ಲಿ, ಅಮೆರಿಕದ ಸ್ಕೈಲರ್ ವೀಲರ್ ಕೈಯಲ್ಲಿ. ಅಲ್ಲಿ ಹಳೇ ಪಂಖಾ ಸಂಗ್ರಹಿಸುವವರ ಸಂಘವೇ ಇದೆ. ನಮ್ಮ ದೊಡ್ಡ ಶಹರಗಳಲ್ಲೂ ಹಿತ್ತಾಳೆ ರೆಕ್ಕೆಯ ಪಂಖಾಕ್ಕೆ ಸಾವಿರಗಳ ಲೆಕ್ಕ. ಹೊಸದಾಗಿ ಎರಕ ಹೊಯ್ದು ಹಳೇದೆಂದು ಮಾರುವ ಜಾಣರೂ ಇದ್ದಾರೆ, ಆ ಮಾತು ಬೇರೆ. ಗಿರಾಕಿ ಮೊದಲು ನೋಡುವುದು ಕಂಪನಿಯ ಪಟ್ಟಿ. ನಮ್ಮವರೋ, ದೀಪಾವಳಿಗೆ ಗೋಡೆಗೆ ಹಚ್ಚಿ ಉಳಿದ ಬಣ್ಣವನ್ನು ಪಟ್ಟಿ ಸಮೇತ ಪಂಖಾಕ್ಕೆ ಬಳಿದಿರುತ್ತಾರೆ. ಗುಡಿ, ಮಠಗಳಲ್ಲಿ ರೆಕ್ಕೆ ತುಂಬಾ ದಾನಿಗಳ ಹೆಸರು. ಕರೆಂಟು ಹೋದಾಗ ಮಾತ್ರ ಓದಲು ಬರುತ್ತದೆ! ಹಾಗೆಂದು ಅದನ್ನು ಅಳಿಸಬಾರದು. ಯಾವ ವರ್ಷ ಯಾರು ಕೊಟ್ಟರು ಎಂಬ ಊರಿನ ದಾಖಲೆ ಅದು.

ಹಾಗಾದರೆ ಎಲ್ಲ ಹಳೇದನ್ನೂ ತಿರುಗಿಸುತ್ತಾ ಕೂಡಬೇಕೆ? ಬೇಡ. 75 ವಾಟಿನ ಪಂಖಾ ದಿನಕ್ಕೆ 12 ತಾಸು ತಿರುಗಿದರೆ ತಿಂಗಳಿಗೆ 27 ಯೂನಿಟ್. ಈಗಿನ 30 ವಾಟಿನ ಬಿಎಲ್‌ಡಿಸಿ ಪಂಖಾ 11 ಯೂನಿಟ್ ದಾಟದು. ಮನೆಗೆ 2023ರಿಂದ ಗೃಹಜ್ಯೋತಿ ಬಂದಿದೆ, ಅಂಗಡಿಗೆ ಆ ಭಾಗ್ಯವಿಲ್ಲ. ಮುಂಜಾನೆಯಿಂದ ರಾತ್ರಿತನಕ ಗಲ್ಲಾದ ಮೇಲೆ ತಿರುಗುವುದು ಹೊಸದೇ ಇರಲಿ. 2023ರ ಜನವರಿಯಿಂದ ಛಾವಣಿ ಪಂಖಾಕ್ಕೆ ಸ್ಟಾರ್ ಗುರುತು ಕಡ್ಡಾಯ, ಅದನ್ನು ನೋಡಿಯೇ ಕೊಳ್ಳಲಿ. ಹಳೇದು ಎರಡು ಮೂರು ತಾಸು ಸಾಕೆನ್ನುವ ಪಡಸಾಲೆಗೆ, ಭಜನೆಯ ಕೋಣೆಗೆ ಹೋಗಲಿ. ಮುಟ್ಟಿದರೆ ಬಿಸಿ ಹತ್ತುವ ಆ ಹಳೇ ರೆಗ್ಯುಲೇಟರ್ ಡಬ್ಬಿ ಮಾತ್ರ ಬೇಡ. ಪಂಖಾ ನಿಧಾನ ಮಾಡಿದರೂ ಅದು ಕರೆಂಟನ್ನು ಕಾವಾಗಿ ಸುಡುತ್ತದೆ.

ಏರಿಸುವ ಮುಂಚೆ ಜೀವದ ಮಾತೂ ಇದೆ. ಬಟ್ಟೆ ಸುತ್ತಿದ ಹಳೇ ವೈರು ಬೆರಳು ತಾಗಿದರೆ ಪುಡಿಯಾಗುತ್ತದೆ, ಪೂರಾ ಬದಲಿಸಬೇಕು. ಅರ್ಥಿಂಗ್ ಇಲ್ಲದೆ ಲೋಹದ ಪಂಖಾ ಹಾಕಲೇಬಾರದು. ಪಟ್ಟಿಯ ಮೇಲೆ ಡಿ.ಸಿ. ಎಂದಿದ್ದರೆ ಈಗಿನ ಲೈನಿಗೆ ನೇರ ಕೊಡಬಾರದು. ಮಣ್ಣಿನ ಮಾಳಿಗೆಯ ತೊಲೆ, ಕೊಕ್ಕೆ, ಬೋಲ್ಟಿನ ಪಿನ್ನು ಭಾರ ತಾಳುತ್ತವೆಯೇ ಎಂದು ಒಮ್ಮೆ ಜಗ್ಗಿ ನೋಡಬೇಕು. ಹಳೇ ಟೇಬಲ್ ಪಂಖಾದ ಜಾಳಿಗೆಯಲ್ಲಿ ಮಗುವಿನ ಕೈಯೇ ತೂರುತ್ತದೆ. ಕೂಸು ಇರುವ ಮನೆಯಲ್ಲಿ ಅದು ಕಪಾಟಿನ ಮೇಲಿದ್ದರೇ ಚೆಂದ.

ಇನ್ನು ಸರ್ಕಾರಿ ಕಚೇರಿ, ಶಾಲೆಗಳ ಮಾತು. ಮುರಿದ ಕುರ್ಚಿ, ತುಕ್ಕು ಹಿಡಿದ ಕಪಾಟಿನ ಜೊತೆ ಪಂಖಾಗಳೂ ಒಂದೇ ಲಾಟಿನಲ್ಲಿ ಹರಾಜಿಗೆ ಬೀಳುತ್ತವೆ. ಹರಾಜಿನ ಹಿಂದಿನ ದಿನ ಊರಿನ ಒಬ್ಬ ವೈಂಡಿಂಗ್ ಮೇಸ್ತ್ರಿಯನ್ನು ಕರೆಸಿ ರಿಪೇರಿಗೆ ಬರುವುದು ಯಾವುದು, ಬಾರದ್ದು ಯಾವುದು ಎಂದು ಬೇರೆ ಇಡಿಸಲು ಎಷ್ಟು ಖರ್ಚು ಬಂದೀತು? ಬರುವಂಥವನ್ನು ಐಟಿಐ ಹುಡುಗರ ಮುಂದೆ ಇಟ್ಟರೆ ಅವರಿಗೆ ಕೈ ಪಳಗುತ್ತದೆ, ಬೇಸಿಗೆಯಲ್ಲಿ ಬೆವೆಯುವ ಒಂದು ಶಾಲೆಗೆ ಗಾಳಿ ಬರುತ್ತದೆ. ಮುಂದಿನ ಲಾಟು ತಕ್ಕಡಿಗೆ ಏರುವ ಮೊದಲು ಸಂಬಂಧಪಟ್ಟ ಸಾಹೇಬರು ಇತ್ತ ನೋಡುವರೆ?